ಅಪ್ಪನ ಪ್ಯಾಂಟು, ನನ್ನ ಶೂ

ಹೋದ ವಾರ ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಊಟದ ಹೊತ್ತಿಗೆ ತಟ್ಟೆ ಹಿಡಿದುಕೊಂಡು ನನ್ನೆದುರು ಬಂದು ಕೂತ. ದಾವಣಗೆರೆ ಕಡೆಯವನು. ಮುಂದಿನ ತಿಂಗಳು ಮೊದಲ ಸಲ ಆನ್‌ಸೈಟ್ ಹೊರಟಿದ್ದಾನೆ, ಲಂಡನ್ನಿಗೆ. ವೀಸಾ, ಫಾರೆಕ್ಸ್ ಕಾರ್ಡು, ಚಟ್ನಿಪುಡಿ ಎಷ್ಟು ಒಯ್ಯಬಹುದು ಅನ್ನುವುದೆಲ್ಲ ಮುಗಿದ ಮೇಲೆ ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದ: "ಸಾರ್, ಅಲ್ಲಿ ನೈಟ್ ಕ್ಲಬ್ಬಿಗೆ ಹೋಗೋಕೆ ಏನು ಹಾಕ್ಕೋಬೇಕು?"

ನಾನು ದೊಡ್ಡ ಅನುಭವಸ್ಥನ ಹಾಗೆ ಉತ್ತರ ಕೊಟ್ಟೆ. ಕಪ್ಪು ಚರ್ಮದ ಶೂ ಒಂದು ಜೊತೆ ಇಟ್ಕೋ. ಕಡು ಬಣ್ಣದ ಪ್ಯಾಂಟು, ಹರಿದಿರದ ಜೀನ್ಸ್ ಆದರೂ ನಡೆಯುತ್ತೆ. ಕಾಲರ್ ಇರುವ ಅಂಗಿ. ಚಡ್ಡಿ, ಚಪ್ಪಲಿ, ಟೋಪಿ, ಓಡುವ ಶೂ ಬೇಡ. ಹೋಗುವ ಮುಂಚೆ ಆ ಕ್ಲಬ್ಬಿನ ವೆಬ್‌ಸೈಟಿನಲ್ಲಿ ಏನು ಬರೆದಿದ್ದಾರೆ ನೋಡು. ಇಷ್ಟು ಹೇಳಲು ಐದು ನಿಮಿಷ ಸಾಕಾಯಿತು. ಆದರೆ ಇದನ್ನು ನಾನು ಕಲಿತ ರೀತಿ ಅವನಿಗೆ ಹೇಳಲಿಲ್ಲ. ಅದನ್ನು ಇಲ್ಲಿ ಬರೆಯೋಣ ಅಂತ ಕೂತರೆ ವಿಷಯ ಎಲ್ಲೆಲ್ಲಿಗೋ ಹೋಗಿ, ಗಾಂಧೀಜಿ, ವಿಶ್ವೇಶ್ವರಯ್ಯ ಎಲ್ಲರೂ ಬಂದುಬಿಟ್ಟರು. ಸ್ವಲ್ಪ ಉದ್ದವಾಗಿದೆ, ಕಾಫಿ ಹಿಡಿದುಕೊಂಡು ಕೂತ್ಕೊಳ್ಳಿ :)

ನಮ್ಮೂರು ಲಿಂಗದಹಳ್ಳಿ. ಬೀರೂರಿನಿಂದ ಕೆಮ್ಮಣ್ಣುಗುಂಡಿಗೆ ಹೋದವರಿಗೆ ಗೊತ್ತಿರುತ್ತದೆ. ಬಯಲು ಮುಗಿದು ಬೆಟ್ಟ ಶುರುವಾಗುವ ಜಾಗ. ಕಲ್ಲತ್ತಿಗಿರಿಗೆ ಹೋಗುವವರು ನಮ್ಮೂರಿನಲ್ಲಿ ಕಾರು ನಿಲ್ಲಿಸಿ ಬಾಳೆಹಣ್ಣು, ನೀರಿನ ಬಾಟಲಿ ತಗೊಂಡು ಮುಂದೆ ಹೋಗುತ್ತಾರೆ. ನಾನು 2023ರಲ್ಲಿ ಮೊದಲ ಬಾರಿ ಹೊರದೇಶಕ್ಕೆ ಹೊರಟಾಗ ಅಪ್ಪ ನನ್ನನ್ನು ತರೀಕೆರೆಗೆ ಕರೆದುಕೊಂಡು ಹೋಗಿ, ತಮ್ಮ ಮದುವೆಯ ಅಂಗಿ ಹೊಲಿದ ಟೈಲರ್ ಹತ್ತಿರವೇ ಒಂದು ಕೋಟು ಹೊಲಿಸಿಕೊಟ್ಟರು. ಬೂದು ಬಣ್ಣ, ಮೂರು ಗುಂಡಿ. "ಪರದೇಶಕ್ಕೆ ಹೋಗೋನು, ಕೋಟಿಲ್ದೆ ಹೆಂಗೆ?" ಅನ್ನುವುದು ಅವರ ಪ್ರಶ್ನೆ. ಅಲ್ಲಿ ಆಫೀಸಿಗೆ ಎಲ್ಲರೂ ಟೀ ಶರ್ಟಿನಲ್ಲಿ ಬರುತ್ತಾರೆ ಅಂತ ಎಷ್ಟು ಹೇಳಿದರೂ ನಂಬಲಿಲ್ಲ.

ಲಂಡನ್ನಿನಲ್ಲಿ ಒಂದು ಶುಕ್ರವಾರ ರಾತ್ರಿ ಕ್ಲೈಂಟ್ ಕಡೆಯ ನಾಲ್ವರು, ನಮ್ಮ ಕಡೆಯ ಇಬ್ಬರು ಒಂದು ಕ್ಲಬ್ಬಿಗೆ ಹೊರಟೆವು. ಬಾಗಿಲಲ್ಲಿ ಕಪ್ಪು ಕೋಟಿನ ಆಜಾನುಬಾಹು. ಅವನು ನನ್ನ ಮುಖ ನೋಡಲೇ ಇಲ್ಲ, ನೇರ ಪಾದ ನೋಡಿದ. ಬಿಳೀ ಸ್ಪೋರ್ಟ್ಸ್ ಶೂ. ನಾನು ಹೊರಡುವ ಮುಂಚೆ ಬೆಂಗಳೂರಿನಲ್ಲಿ ಆರು ಸಾವಿರ ಕೊಟ್ಟು ತಗೊಂಡದ್ದು, ನನ್ನ ಮೈಮೇಲಿದ್ದ ಅತಿ ದುಬಾರಿ ವಸ್ತು ಅದೇ. ತಲೆ ಅಡ್ಡಡ್ಡ ಆಡಿಸಿದ. ಉಳಿದ ಐವರು ಒಳಗೆ, ನಾನು ಹೊರಗೆ. "ನೀವು ಹೋಗಿ, ನನಗೆ ಹೇಗೂ ನಿದ್ದೆ ಬರ್ತಿದೆ" ಅಂದು ಬಸ್ಸು ಹಿಡಿದು ರೂಮಿಗೆ ಬಂದೆ.

ಎರಡು ತಿಂಗಳಾದ ಮೇಲೆ ನಾಲ್ಕು ದಿನ ಬರ್ಲಿನ್ ನೋಡಲು ಹೋದೆವು. ಈ ಸಲ ಬುದ್ಧಿ ಬಂದಿತ್ತು. ಅಪ್ಪ ಹೊಲಿಸಿಕೊಟ್ಟ ಕೋಟು, ಅದಕ್ಕೊಪ್ಪುವ ಪ್ಯಾಂಟು, ಕಪ್ಪು ಶೂ, ಪಾಲಿಶ್ ಕೂಡ! ಒಂದೂವರೆ ತಾಸು ಸಾಲಿನಲ್ಲಿ ನಿಂತ ಮೇಲೆ ಬಾಗಿಲು ಬಂತು. ಅಲ್ಲಿದ್ದವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಸಣ್ಣಗೆ ನಕ್ಕು, ಪಕ್ಕಕ್ಕೆ ಹೋಗು ಅಂತ ಕೈ ತೋರಿಸಿದ. ನಮ್ಮ ಹಿಂದೆ ನಿಂತಿದ್ದ, ಸವೆದ ಕಪ್ಪು ಟೀ ಶರ್ಟಿನ, ಅದೇ ಓಡುವ ಶೂ ಹಾಕಿದ್ದ ಹುಡುಗ ಸೀದಾ ಒಳಗೆ ಹೋದ. ಬರ್ಲಿನ್ನಿನ ಆ ಬಗೆಯ ಟೆಕ್ನೋ ಕ್ಲಬ್ಬುಗಳಲ್ಲಿ ಸೂಟು ಬೂಟಿನವರೆಂದರೆ ತಮಾಷೆ ನೋಡಲು ಬಂದ ಪ್ರವಾಸಿಗಳು ಅಂತ ಲೆಕ್ಕವಂತೆ. ಅಲ್ಲಿಯ ಅತಿ ಪ್ರಸಿದ್ಧ ಕ್ಲಬ್ಬಾದ, 2004ರಲ್ಲಿ ಶುರುವಾದ ಬರ್ಗ್‌ಹೈನ್ ಬಾಗಿಲಿನಲ್ಲಿ ಯಾರನ್ನು ಬಿಡುತ್ತಾರೆ, ಯಾರನ್ನು ಬಿಡುವುದಿಲ್ಲ ಅನ್ನುವುದರ ಮೇಲೆ ಪುಟಗಟ್ಟಲೆ ಲೇಖನಗಳೇ ಬಂದಿವೆ. (ನಾವು ಹೋಗಿದ್ದು ಅದಲ್ಲ, ಅಷ್ಟು ಧೈರ್ಯ ನಮಗಿರಲಿಲ್ಲ.)

ಒಂದು ಊರಿನಲ್ಲಿ ಶೂ ಸರಿಯಿಲ್ಲ ಅಂತ ಹೊರಗೆ, ಇನ್ನೊಂದೂರಿನಲ್ಲಿ ಶೂ ಸರಿಯಿದೆ ಅಂತ ಹೊರಗೆ. ಹಾಗಾದರೆ ಈ ಬಾಗಿಲಿನವರು ನಿಜವಾಗಿ ನೋಡುವುದೇನು? ಅವತ್ತು ಹಾಸ್ಟೆಲಿನಲ್ಲಿ ನಿದ್ದೆ ಬರದೆ ಮೊಬೈಲಿನಲ್ಲಿ ಓದಲು ಶುರು ಮಾಡಿದ್ದು, ಇವತ್ತಿಗೂ ನಿಂತಿಲ್ಲ.

ಕಥೆ ಶುರುವಾಗುವುದು ಲಂಡನ್ನಿನಲ್ಲೇ. ಅಲ್ಲಿ 1765ರಲ್ಲಿ ಆಲ್ಮ್ಯಾಕ್ಸ್ ಅನ್ನುವ ಕುಣಿತದ ಮನೆಯೊಂದು ತೆರೆಯಿತು. ಬುಧವಾರ ರಾತ್ರಿಗಳಂದು ನೃತ್ಯ. ಟಿಕೇಟು ಇದೆ, ಆದರೆ ದುಡ್ಡು ಕೊಟ್ಟರೆ ಸಿಗುವುದಿಲ್ಲ. ದೊಡ್ಡ ಮನೆತನದ ಕೆಲವು ಹೆಂಗಸರ ಮಂಡಳಿ ಒಪ್ಪಿದವರಿಗೆ ಮಾತ್ರ. ಗಂಡಸರು ಮಂಡಿಯವರೆಗಿನ ಬಿಗಿ ಚಲ್ಲಣ, ಬಿಳಿ ಕೊರಳಪಟ್ಟಿಯಲ್ಲಿ ಬರಬೇಕು. ನಾವಿವತ್ತು ಹಾಕುವಂಥ ಉದ್ದ ಪ್ಯಾಂಟು ಆಗಿನ್ನೂ ಹೊಸ ಫ್ಯಾಶನ್ನು, ಅದಕ್ಕೆ ಪ್ರವೇಶವಿಲ್ಲ. ಕ್ಯಾಪ್ಟನ್ ಗ್ರೋನೋ ಎಂಬ ಸೈನಿಕ ತನ್ನ ನೆನಪುಗಳಲ್ಲಿ ಬರೆದಿರುವಂತೆ, ಒಂದು ರಾತ್ರಿ ಡ್ಯೂಕ್ ಆಫ್ ವೆಲಿಂಗ್ಟನ್ ಉದ್ದ ಪ್ಯಾಂಟಿನಲ್ಲಿ ಮೆಟ್ಟಿಲು ಹತ್ತುತ್ತಿದ್ದಾಗ ಬಾಗಿಲು ಕಾಯುವವನು ತಡೆದನಂತೆ. ವೆಲಿಂಗ್ಟನ್ ಯಾರೆಂದು ನಮಗೆ ಹೇಳಬೇಕಾಗಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಊರಿನ ಆಡಳಿತ ನೋಡಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ನೆಪೋಲಿಯನ್ನನನ್ನು ಸೋಲಿಸಿ ಈ ಡ್ಯೂಕ್ ಆದದ್ದು. ಟಿಪ್ಪುವಿನ ಕೋಟೆಯೊಳಗೆ ನುಗ್ಗಿದ ಸೈನ್ಯದವನು ಪ್ಯಾಂಟಿನ ಉದ್ದ ಜಾಸ್ತಿಯಾಯಿತು ಅಂತ ಮಾತಾಡದೆ ಮನೆಗೆ ಹೋದ! ಇದನ್ನು ಓದಿದ ಮೇಲೆ ನನ್ನ ಸ್ಪೋರ್ಟ್ಸ್ ಶೂ ದುಃಖ ಅರ್ಧ ಇಳಿಯಿತು.

ಉಳಿದರ್ಧ ಇಳಿಸಿದ್ದು ಗಾಂಧೀಜಿ. 1888ರ ಸೆಪ್ಟೆಂಬರ್ ಕೊನೆಗೆ ಹಡಗಿನಿಂದ ಇಳಿದಾಗ ಅವರ ಮೈಮೇಲಿದ್ದದ್ದು ಬಿಳಿಯ ಫ್ಲಾನೆಲ್ ಬಟ್ಟೆ, ಇಳಿಯುವಾಗ ಚೆನ್ನಾಗಿ ಕಾಣಲಿ ಅಂತ ತೆಗೆದಿಟ್ಟುಕೊಂಡಿದ್ದು. ನೋಡಿದರೆ ಆ ಚಳಿಗಾಲದ ಹೊಸ್ತಿಲಲ್ಲಿ ಬಿಳಿ ಹಾಕಿದವರು ಅವರೊಬ್ಬರೇ. ಆತ್ಮಕಥೆಯಲ್ಲಿ ಈ ನಾಚಿಕೆಯನ್ನು ಮುಚ್ಚಿಡದೆ ಹೇಳಿದ್ದಾರೆ. ಆಮೇಲೆ ಸಭ್ಯಸ್ಥ ಆಗಬೇಕೆಂದು ಹೊರಟವರು ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ಸುರಿದು ಸಂಜೆಯ ಸೂಟು ಹೊಲಿಸಿದರು, 19 ಶಿಲ್ಲಿಂಗಿನ ಎತ್ತರದ ಟೋಪಿ ತಗೊಂಡರು, ಮೂರು ಪೌಂಡು ಕೊಟ್ಟು ಡ್ಯಾನ್ಸ್ ಕ್ಲಾಸಿಗೆ ಸೇರಿದರು. ಪಿಯಾನೋದ ತಾಳಕ್ಕೆ ಹೆಜ್ಜೆ ಕೂಡಲೇ ಇಲ್ಲ. ಮೂರು ವಾರದಲ್ಲಿ ಆರೇಳು ಪಾಠ ಆದಮೇಲೆ ಬಿಟ್ಟರು. ಅದೇ ಗಾಂಧೀಜಿ 1931ರಲ್ಲಿ ಮಂಡಿ ಕಾಣುವ ಪಂಚೆ, ಶಾಲಿನಲ್ಲೇ ಬಕಿಂಗ್‌ಹ್ಯಾಮ್ ಅರಮನೆಗೆ ಹೋಗಿ ದೊರೆಯ ಜೊತೆ ಚಹಾಕೂಟದಲ್ಲಿ ಪಾಲ್ಗೊಂಡರು. ನಡುವೆ 43 ವರ್ಷ ಹಿಡಿಯಿತು ಅನ್ನುವುದನ್ನು ಮರೆಯಬಾರದು. ನಮಗೆಲ್ಲ ಎರಡನೆಯ ಚಿತ್ರ ಮಾತ್ರ ಗೊತ್ತು. ಆನ್‌ಸೈಟ್ ಹೋಗುವ ಹುಡುಗರಿಗೆ ತೋರಿಸಬೇಕಾದದ್ದು ಮೊದಲನೆಯದು.

ಬಟ್ಟೆ ನೆಪ ಮಾತ್ರ ಅನ್ನುವುದಕ್ಕೆ ನನಗೆ ಸಿಕ್ಕಿದ ಅತಿ ಒಳ್ಳೆಯ ಉದಾಹರಣೆ ನ್ಯೂಯಾರ್ಕಿನದು. ಅಲ್ಲಿಯ ಸ್ಟುಡಿಯೋ 54 ಕ್ಲಬ್ಬು 1977ರ ಏಪ್ರಿಲ್‌ನಲ್ಲಿ ತೆರೆದಾಗಿನಿಂದ, ಬಾಗಿಲ ಮುಂದಿನ ಗುಂಪಿನಿಂದ ಬೇಕಾದವರನ್ನು ಬೆರಳು ತೋರಿಸಿ ಆರಿಸಿಕೊಳ್ಳುವುದೇ ಅದರ ಪ್ರಸಿದ್ಧಿ. ಆ ವರ್ಷದ ಕೊನೆಯ ರಾತ್ರಿ ನೈಲ್ ರಾಜರ್ಸ್, ಬರ್ನಾರ್ಡ್ ಎಡ್ವರ್ಡ್ಸ್ ಎಂಬ ಇಬ್ಬರು ಕಪ್ಪು ಸಂಗೀತಗಾರರು ಗಾಯಕಿ ಗ್ರೇಸ್ ಜೋನ್ಸ್ ಆಹ್ವಾನದ ಮೇಲೆ ಹೋದರು. ಒಪ್ಪವಾಗಿಯೇ ಉಡುಪು ಹಾಕಿಕೊಂಡು ಹೋಗಿದ್ದರು. ಒಳಗೆ ಅವರ ತಂಡದ ಹಾಡೇ ಮೊಳಗುತ್ತಿದ್ದ ಕಾಲ. ಪಟ್ಟಿಯಲ್ಲಿ ಹೆಸರಿಲ್ಲ ಅಂತ ಬಾಗಿಲಿನವನು ಓಡಿಸಿದ. ಮನೆಗೆ ಹೋಗಿ ಸಿಟ್ಟಿನಲ್ಲಿ ಅವನಿಗೆ ಬೈಯುತ್ತಾ ಕಟ್ಟಿದ ಹಾಡನ್ನೇ ಸ್ವಲ್ಪ ಸಭ್ಯ ಮಾಡಿ 'ಲ ಫ್ರೀಕ್' ಅಂತ 1978ರಲ್ಲಿ ಹೊರತಂದರು, ಅದು ಪ್ರಪಂಚವನ್ನೆಲ್ಲ ಕುಣಿಸಿತು. ಮುಂದೆ ಅಮೆರಿಕದ ಎಷ್ಟೋ ಕ್ಲಬ್ಬುಗಳು ದೊಗಲೆ ಪ್ಯಾಂಟು, ಕ್ಯಾಪು, ದಪ್ಪ ಸರ ಹಾಕಿದವರಿಗೆ ಪ್ರವೇಶವಿಲ್ಲ ಅಂತ ಬೋರ್ಡು ಹಾಕಿದವು. ಕಪ್ಪು ಹುಡುಗರು ಬರಬೇಡಿ ಅಂತ ಬರೆಯುವುದಕ್ಕೆ ಕಾನೂನು ಬಿಡುವುದಿಲ್ಲವಲ್ಲ, ಅದಕ್ಕೆ ಪ್ಯಾಂಟಿನ ಹೆಸರಿನಲ್ಲಿ ಬರೆದರು ಅನ್ನುವ ಆರೋಪ ಅಲ್ಲಿ ಹಳೆಯದು.

ಇದನ್ನೆಲ್ಲ ಊಟದ ಟೇಬಲ್ಲಿನಲ್ಲಿ ಹೇಳಿದರೆ ನಮ್ಮ ಟೀಮಿನ ಹುಡುಗಿಯೊಬ್ಬಳು, "ನಿಮಗೆ ಒಳಗೆ ಹೋಗೋದೊಂದೇ ಕಷ್ಟ, ನಮಗೆ ಹೊರಗೆ ಬಂದ ಮೇಲೂ ಇದೆ" ಅಂದಳು. ಸರಿಯಾದ ಮಾತು. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದು ಓಡಿಸಿದ್ದು ಟೀವಿಯಲ್ಲಿ ಎಲ್ಲರೂ ನೋಡಿದ್ದೇ. 2018ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಅದರ ಬಗ್ಗೆ ಬರೆಯಬೇಕಾದವರು ಅವಳಂಥವರು. ಬರಿ ಅಂತ ಹೇಳಿದ್ದೇನೆ.

ಸರಿ, ನಮ್ಮ ದೇಶಕ್ಕೆ ಬರೋಣ. ಇಲ್ಲಿ ಬಾಗಿಲಿನ ಜಗಳ ಶುರುವಾದದ್ದು ಅಂಗಿ ಪಂಚೆಯಿಂದಲ್ಲ, ಪಾದದಿಂದಲೇ. ನಮ್ಮಲ್ಲಿ ದೊಡ್ಡವರ ಮುಂದೆ ಚಪ್ಪಲಿ ಬಿಡುವುದು ಮರ್ಯಾದೆ, ಅವರಲ್ಲಿ ಟೋಪಿ ತೆಗೆಯುವುದು ಮರ್ಯಾದೆ. ಸಾಹೇಬರು ನಮ್ಮ ರಾಜರ ದರ್ಬಾರಿಗೆ ಬೂಟು ಹಾಕಿಕೊಂಡೇ ಬರುತ್ತಿದ್ದರು, ಆದರೆ ತಮ್ಮ ಮುಂದೆ ಬರುವ ಭಾರತೀಯ ಮಾತ್ರ ಚಪ್ಪಲಿ ಬಿಟ್ಟು ಬರಬೇಕು. 1854ರಲ್ಲಿ, ಡಾಲ್‌ಹೌಸಿ ಗವರ್ನರ್ ಜನರಲ್ ಆಗಿದ್ದಾಗ, ಬಂಗಾಳದಲ್ಲಿ ಒಂದು ನಿರ್ಣಯ ಬಂತು: ಯೂರೋಪಿನ ರೀತಿಯ ಬೂಟು ಮತ್ತು ಕಾಲುಚೀಲ ಹಾಕಿದ ಭಾರತೀಯರು ಸರ್ಕಾರಿ ಸಮಾರಂಭಗಳಿಗೆ ಬೂಟಿನಲ್ಲೇ ಬರಬಹುದು. ದೇಸಿ ಚಡಾವು ಹಾಕಿದವನು ಬಿಚ್ಚಲೇಬೇಕು. ಅಂದರೆ ಅದೇ ಮನುಷ್ಯ, ಅದೇ ಪಾದ, ಚರ್ಮದ ಹೊಲಿಗೆ ಬೇರೆ ಅಷ್ಟೆ. ಲಂಡನ್ನಿನ ಆ ಆಜಾನುಬಾಹು ನನ್ನ ಕಾಲು ನೋಡಿದಾಗ ಸುಮಾರು 170 ವರ್ಷದ ಹಳೆಯ ಫೈಲು ತೆರೆದಿತ್ತು ಅನ್ನಿ! ನಮ್ಮ ಅರಸರೇನು ಕಡಿಮೆ ಇರಲಿಲ್ಲ. ಮೈಸೂರು ದಸರಾ ದರ್ಬಾರಿಗೆ ಹೋಗುವವರು ಉದ್ದ ಕೋಟು, ತಲೆಗೆ ಜರಿ ಪೇಟ ಇಲ್ಲದೆ ಕಾಲಿಡುವಂತಿರಲಿಲ್ಲ. ಯೂರೋಪಿಯನ್ನರಿಗೆ ಪ್ರತ್ಯೇಕ ದರ್ಬಾರು ನಡೆಯುತ್ತಿತ್ತು.

ಕ್ಲಬ್ಬುಗಳ ಕಾಲ ಬಂದದ್ದು ಆಮೇಲೆ. ಬೆಂಗಳೂರಿನ ದಂಡುಪ್ರದೇಶದಲ್ಲಿ 1868ರಲ್ಲಿ ಸೈನ್ಯಾಧಿಕಾರಿಗಳಿಗಾಗಿ ಶುರುವಾದದ್ದೇ ಇವತ್ತಿನ ಬೆಂಗಳೂರು ಕ್ಲಬ್ಬು. ವಿನ್‌ಸ್ಟನ್ ಚರ್ಚಿಲ್ 13 ರೂಪಾಯಿ ಬಾಕಿ ಉಳಿಸಿ ಹೋದದ್ದು ಇಲ್ಲೇ; 1899ರ ಲೆಕ್ಕದ ಪುಸ್ತಕದಲ್ಲಿ ವಸೂಲಾಗದ ಸಾಲಗಳ ಪಟ್ಟಿಯಲ್ಲಿ ಅವನ ಹೆಸರಿದೆ. ನಮ್ಮ ಕಡೆ, ಬಾಬಾಬುಡನ್ ಗಿರಿಯ ಸುತ್ತ 19ನೇ ಶತಮಾನದಲ್ಲಿ ಇಂಗ್ಲಿಷ್ ಪ್ಲಾಂಟರುಗಳು ಕಾಫಿ ತೋಟ ಮಾಡಿದ ಮೇಲೆ ಬೆಟ್ಟದ ಊರುಗಳಿಗೂ ಕ್ಲಬ್ಬು ಬಂತು. ಚಿಕ್ಕಮಗಳೂರಿನಲ್ಲಿರುವ ಕ್ಲಬ್ಬಿಗೆ 'ಕಡೂರು ಕ್ಲಬ್' ಅಂತ ಯಾಕೆ ಹೆಸರು ಅಂತ ಚಿಕ್ಕಂದಿನಲ್ಲಿ ತಲೆ ಕೆಡಿಸಿಕೊಂಡಿದ್ದೆ. ಆಗ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ, 1947ರವರೆಗೂ. ನಮ್ಮ ಹಳೆಯ ಜಿಲ್ಲೆಯ ಹೆಸರು ಇನ್ನೂ ಉಳಿದಿರುವ ಕೆಲವೇ ಜಾಗಗಳಲ್ಲಿ ಅದೊಂದು ಅನ್ನುವುದು ವಿಚಿತ್ರ.

ನನಗೆ ಬಹಳ ಇಷ್ಟವಾದದ್ದು ಸೆಂಚುರಿ ಕ್ಲಬ್ಬಿನ ಕಥೆ. ಕಬ್ಬನ್ ಪಾರ್ಕಿನ ಅಂಚಿನಲ್ಲಿರುವ ಇದನ್ನು 1917ರಲ್ಲಿ ಸ್ಥಾಪಿಸಿದವರು ಆಗಿನ ದಿವಾನರಾದ ಸರ್ ಎಂ. ವಿಶ್ವೇಶ್ವರಯ್ಯ. ಪೇಟ ಹಾಕಿಕೊಂಡು ಹೋದದ್ದಕ್ಕೆ ಬಿಳಿಯರ ಕ್ಲಬ್ಬಿನಲ್ಲಿ ಒಳಗೆ ಬಿಡಲಿಲ್ಲ, ಆ ಅವಮಾನದಿಂದ ಹುಟ್ಟಿದ್ದು ಈ ಕ್ಲಬ್ಬು ಅಂತ ಬೆಂಗಳೂರಿನಲ್ಲಿ ಹೇಳುವುದುಂಟು. ಬಾಯಿಂದ ಬಾಯಿಗೆ ಬಂದ ಕಥೆ. ಆದರೆ ಎಂ.ವಿ. ಅವರ ಫೋಟೋ ನೆನಪಿಸಿಕೊಳ್ಳಿ. ಸುಕ್ಕಿಲ್ಲದ ಸೂಟು, ಟೈ, ಮೇಲೆ ಮೈಸೂರು ಪೇಟ. ಅಷ್ಟು ಶಿಸ್ತಾಗಿ ಅವರ ಬಟ್ಟೆಯನ್ನೇ ಹಾಕಿ, ತಲೆಯ ಮೇಲಿನ ಒಂದೇ ಒಂದನ್ನು ಬಿಟ್ಟುಕೊಡದೆ ಇದ್ದವರ ಬಗ್ಗೆ ಈ ಕಥೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಹೀಗೆ ಹುಟ್ಟಿದ ಕ್ಲಬ್ಬುಗಳು ಮುಂದೇನಾದವು ನೋಡಿ. ಮುಂಬಯಿಯ ವಿಲ್ಲಿಂಗ್ಡನ್ ಕ್ಲಬ್ಬು, ಬಿಳಿಯರ ಕ್ಲಬ್ಬುಗಳಲ್ಲಿ ಭಾರತೀಯರಿಗೆ ಜಾಗವಿಲ್ಲ ಅಂತಲೇ ಇಬ್ಬರೂ ಸೇರಬಹುದಾದ ಜಾಗವಾಗಿ ಶುರುವಾದದ್ದು. 1980ರ ದಶಕದಲ್ಲಿ ಅಲ್ಲಿಗೆ ಬರಿಗಾಲಲ್ಲಿ ಹೋದ ಕಲಾವಿದ ಎಂ.ಎಫ್. ಹುಸೇನ್‌ರನ್ನು ಹೊರಗೆ ಕಳಿಸಿದರು. ಅದೇ ಪಾದ, ಮತ್ತೆ! ಚೆನ್ನೈಯಲ್ಲಿ 2014ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಾಧೀಶ ಡಿ. ಹರಿಪರಂಧಾಮನ್ ಪುಸ್ತಕ ಬಿಡುಗಡೆಯೊಂದಕ್ಕೆ ಪಂಚೆಯುಟ್ಟು ಹೋದರೆ ಕ್ರಿಕೆಟ್ ಸಂಸ್ಥೆಯ ಕ್ಲಬ್ಬಿನವರು ಬಾಗಿಲಲ್ಲೇ ತಡೆದರು. ತಮಿಳುನಾಡು ವಿಧಾನಸಭೆ ಮುಂದಿನ ತಿಂಗಳೇ ಕಾನೂನು ಮಾಡಿತು. ಪಂಚೆ ಉಟ್ಟವರನ್ನು ತಡೆದರೆ ಲೈಸೆನ್ಸ್ ರದ್ದು, ಒಂದು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ನಮ್ಮಲ್ಲಿ ಪಂಚೆಯುಟ್ಟ ದೇವೇಗೌಡರು 1996ರಲ್ಲಿ ದೇಶದ ಪ್ರಧಾನಿಯೇ ಆದರು. ಪಂಚೆಯಲ್ಲಿ ದೇಶ ಆಳಬಹುದು, ಕೆಲವು ಕಡೆ ಬಾದಾಮಿ ಹಾಲು ಕುಡಿಯಲು ಮಾತ್ರ ಪ್ಯಾಂಟು ಬೇಕು.

ಇಲ್ಲಿಯವರೆಗೆ ಬರೆದದ್ದೆಲ್ಲ ಸುಲಭ. ಬೇರೆಯವರ ಬಾಗಿಲುಗಳ ಬಗ್ಗೆ. ಇನ್ನೊಂದು ಬಾಗಿಲಿದೆ.

ನಾನು ಲಂಡನ್ನಿನಿಂದ ವಾಪಸು ಬಂದ ಮೇಲೆ, 2023ರ ಡಿಸೆಂಬರ್‌ನಲ್ಲಿ, ನಮ್ಮ ಮ್ಯಾನೇಜರ್ ಮಗಳ ಮದುವೆಯ ಆರತಕ್ಷತೆ. ಬೆಂಗಳೂರಿನ ಹಳೆಯ ಕ್ಲಬ್ಬೊಂದರ ಹುಲ್ಲುಹಾಸಿನ ಮೇಲೆ. ಅವರು ಒಮ್ಮೆ ಕೆಮ್ಮಣ್ಣುಗುಂಡಿಗೆ ಬಂದಾಗ ಸಂಸಾರ ಸಮೇತ ನಮ್ಮ ಮನೆಯಲ್ಲಿ ಅಕ್ಕಿರೊಟ್ಟಿ ತಿಂದು, ಅಪ್ಪನ ಜೊತೆ ಅಡಿಕೆ ತೋಟವೆಲ್ಲ ಸುತ್ತಿದ್ದರು. ಹಾಗಾಗಿ ಅಪ್ಪನಿಗೇ ಬೇರೆ ಕಾರ್ಡು ಕಳಿಸಿ, ಬರಲೇಬೇಕು ಅಂತ ಫೋನೂ ಮಾಡಿದ್ದರು. ಆಮಂತ್ರಣದ ಕೆಳಗೆ ಸಣ್ಣ ಅಕ್ಷರದಲ್ಲಿ, ಕ್ಲಬ್ಬಿನ ಉಡುಪಿನ ನಿಯಮಗಳು ಅನ್ವಯಿಸುತ್ತವೆ ಅಂತ ಒಂದು ಸಾಲು.

ಅಪ್ಪ ಪಂಚೆ ಬಿಟ್ಟು ಬೇರೆ ಉಟ್ಟದ್ದನ್ನು ನಾನು ನೋಡಿಲ್ಲ. ತೋಟಕ್ಕೆ ಹಳೆಯದು, ಪೇಟೆಗೆ ಬಿಳಿಯದು, ಮದುವೆಗೆ ಅಂಚಿನದು. ನಾನು ಆ ಸಾಲು ಓದಿದ ಕೂಡಲೇ ಲಂಡನ್ನಿನ ಬಾಗಿಲು ಕಣ್ಣಿಗೆ ಬಂತು. ಮ್ಯಾನೇಜರ್ ಎದುರು, ಟೀಮಿನವರೆಲ್ಲರ ಎದುರು ಅಪ್ಪನನ್ನು ಯಾರೋ ತಡೆದು ನಿಲ್ಲಿಸಿದರೆ? ಊರಿಗೆ ಫೋನ್ ಮಾಡಿದೆ.

"ಅಪ್ಪಾ, ಅಲ್ಲಿ ಪಂಚೆ ಬಿಡಲ್ವಂತೆ. ಒಂದು ಪ್ಯಾಂಟು ಹೊಲಿಸ್ಕೊಂಡು ಬನ್ನಿ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆಯ್ತು ಬಿಡು. ಅಳತೆ ಕೊಟ್ಟು ಬರ್ತೀನಿ" ಅಂದರು.

ಬೀರೂರಿನಿಂದ ರೈಲಿನಲ್ಲಿ ಬಂದರು. ಪಂಚೆಯಲ್ಲೇ ಬಂದು, ನನ್ನ ರೂಮಿನಲ್ಲಿ ಪ್ಯಾಂಟು ಹಾಕಿಕೊಂಡರು. ನನ್ನ ಕೋಟು ಹೊಲಿದ ಅದೇ ತರೀಕೆರೆ ಟೈಲರ್, ಅದೇ ಬೂದು ಬಣ್ಣ. ಕ್ಲಬ್ಬಿನ ಮೆಟ್ಟಿಲು ಬಂದಾಗಲೆಲ್ಲ ಅಪ್ಪನ ಬಲಗೈ ತಾನಾಗೇ ಮಂಡಿಯ ಕಡೆ ಹೋಗುವುದು, ಪಂಚೆಯ ಅಂಚು ಎತ್ತಿ ಹಿಡಿಯಲು. ಅಂಚು ಸಿಗದೆ ಸುಮ್ಮನೆ ವಾಪಸು ಬರುವುದು. ಮೂರು ಸಲ ನೋಡಿದೆ.

ಬಾಗಿಲಲ್ಲಿ ಯಾರೂ ಏನೂ ಕೇಳಲಿಲ್ಲ. ಹೆಸರು ಕೂಡ.

ಊಟಕ್ಕೆ ಕೂತಾಗ ಎದುರಿನ ಸಾಲಿನಲ್ಲಿ ಸುಮಾರು ಎಂಬತ್ತು ವರ್ಷದ ಹಿರಿಯರೊಬ್ಬರು ಕೂತಿದ್ದರು. ಜರಿಯಂಚಿನ ಬಿಳಿ ಪಂಚೆ, ಜುಬ್ಬ, ಶಲ್ಯ. ಕ್ಲಬ್ಬಿನ ಸದಸ್ಯರೇ ಇರಬೇಕು, ಬಡಿಸುವವರೆಲ್ಲ ಅವರನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದರು. ನಾನು ಮೊಬೈಲು ತೆಗೆದು ಆ ಕ್ಲಬ್ಬಿನ ನಿಯಮಗಳನ್ನು ಹುಡುಕಿದೆ. ರಾಷ್ಟ್ರೀಯ ಉಡುಪು ಆಗಬಹುದು ಅಂತ ಸ್ಪಷ್ಟವಾಗಿ ಬರೆದಿತ್ತು. ನಾನು ನೋಡಿರಲಿಲ್ಲ. ಕೇಳಿರಲೂ ಇಲ್ಲ. ಅಪ್ಪನ ಪಂಚೆಗೆ ಅಡ್ಡ ನಿಂತದ್ದು ಕ್ಲಬ್ಬಲ್ಲ, ವಾಚ್‌ಮನ್ನೂ ಅಲ್ಲ.

ಅಪ್ಪನೂ ಆ ಹಿರಿಯರನ್ನು ನೋಡಿದ್ದರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಮೆಲ್ಲಗೆ, "ಅವರಿಗೆ ಯಾರೂ ಫೋನ್ ಮಾಡಿರ್ಲಿಲ್ಲ ಅನ್ಸುತ್ತೆ" ಅಂದರು. ಅಷ್ಟೇ. ಸಿಟ್ಟಿನಿಂದಲ್ಲ, ತಮಾಷೆಯಿಂದಲೂ ಅಲ್ಲ.

2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ಮಾಲ್‌ನಲ್ಲಿ ನಡೆದದ್ದು ನಿಮಗೆಲ್ಲ ನೆನಪಿರಬೇಕು. ಹಾವೇರಿ ಕಡೆಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲು ಹೋದರು. ಟಿಕೇಟು ಮೊದಲೇ ಬುಕ್ ಆಗಿತ್ತು. ಪಂಚೆ ಉಟ್ಟಿದ್ದಾರೆ ಅಂತ ಸೆಕ್ಯುರಿಟಿಯವರು ಒಳಗೆ ಬಿಡಲಿಲ್ಲ, ಪ್ಯಾಂಟು ಹಾಕಿಕೊಂಡು ಬನ್ನಿ ಅಂದರು. ಮಗ ಅಲ್ಲೇ ನಿಂತು ವಾದ ಮಾಡಿ, ವಿಡಿಯೋ ತೆಗೆದ. ಮರುದಿನ ಮಾಲ್ ಮುಂದೆ ಪ್ರತಿಭಟನೆ, ವಿಧಾನಸಭೆಯಲ್ಲಿ ಗದ್ದಲ, ಸರ್ಕಾರ ಏಳು ದಿನ ಮಾಲ್ ಮುಚ್ಚಿಸಿತು. ಅದೇ ವರ್ಷದ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ಬಟ್ಟೆ ಕೊಳೆಯಾಗಿದೆ ಅಂತ ಇನ್ನೊಬ್ಬ ರೈತರನ್ನು ತಡೆದದ್ದೂ ಆಗಿತ್ತು. ಮಾಲಿಗೆ ಬ್ರಿಟಿಷರು ಬಂದು ನಿಯಮ ಬರೆದುಕೊಟ್ಟಿರಲಿಲ್ಲ. ಆ ಸೆಕ್ಯುರಿಟಿ ಹುಡುಗನ ಅಪ್ಪನೂ ಯಾವುದೋ ಊರಿನಲ್ಲಿ ಪಂಚೆಯನ್ನೋ ಲುಂಗಿಯನ್ನೋ ಉಟ್ಟುಕೊಂಡೇ ಇರುತ್ತಾರೆ ಅನ್ನಿಸಿತು ನನಗೆ.

ಆ ರಾತ್ರಿ ಅಪ್ಪ ಫೋನ್ ಮಾಡಿದ್ದರು. ಮಳೆ, ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವುದು, ಅಮ್ಮನ ಮಂಡಿನೋವು ಎಲ್ಲ ಆದ ಮೇಲೆ ಕೇಳಿದರು.

"ಟೀವೀಲಿ ನೋಡಿದ್ಯೇನೋ?"

"ನೋಡಿದೆ ಅಪ್ಪ."

"ಮಗ ಒಳ್ಳೆಯವನು. ಅಲ್ಲೇ ನಿಂತ್ಕೊಂಡು ಕೇಳ್ದ."

ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. "ಹೂಂ" ಅಂದೆ.

ದಾವಣಗೆರೆ ಹುಡುಗ ನಿನ್ನೆ ಕಪ್ಪು ಶೂ ತಗೊಂಡು ಬಂದು ತೋರಿಸಿದ, ಚೆನ್ನಾಗಿವೆ. ಅಪ್ಪನ ಆ ಬೂದು ಪ್ಯಾಂಟು ಲಿಂಗದಹಳ್ಳಿ ಮನೆಯ ಬೀರುವಿನಲ್ಲಿ ಮಡಚಿದ್ದು ಮಡಚಿದ ಹಾಗೇ ಇದೆ. ಹೋದ ಸಲ ಊರಿಗೆ ಹೋದಾಗ ಅಮ್ಮ ಅದನ್ನು ಹೊರಗೆ ತೆಗೆದು, "ಒಳ್ಳೆ ಗಟ್ಟಿ ಬಟ್ಟೆ ಕಣೋ, ಯಾರೂ ಹಾಕಲ್ಲ ಅಂದ್ರೆ ಎರಡು ಕೈಚೀಲ ಹೊಲಿಸ್ಲಾ?" ಅಂತ ಕೇಳಿದರು. ಅಪ್ಪ ಪೇಪರಿನಿಂದ ತಲೆ ಎತ್ತದೆ, "ಇರ್ಲಿ ಬಿಡು, ಮತ್ತೆ ಯಾವಾಗಾದ್ರೂ ಕರೀತಾನೇನೋ" ಅಂದರು.